ನೆಲದಡಿಯಿಂದ ನನ್ನ ದನಿ

ಮೊನ್ನೆ ಮಳೆ ಹೊಳವಾದ ಮೇಲೆ ಕಲಬುರಗಿಯ ನಮ್ಮ ಓಣಿಯ ಚರಂಡಿಯುದ್ದಕ್ಕೂ ಬ್ಲೀಚಿಂಗ್ ಪುಡಿ ಚೆಲ್ಲಿ ಹೋಗಿದ್ದರು. ಹಾಲು ತರಲೆಂದು ಬಾಗಿಲು ತೆಗೆದೆ. ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟಿತು. ಎದುರು ಮನೆಯಾಕೆ ಏನೋ ಕೇಳಿದರು. ಉತ್ತರ ಕೊಡಲು ಬಾಯಿ ತೆರೆದರೆ ದನಿ ಹೊರಡಲಿಲ್ಲ. ಕೈಸನ್ನೆ ಮಾಡಿ ಒಳಗೆ ಬಂದೆ. ಭೀಮಾ ಹೊಳೆಯ ದಂಡೆಯಲ್ಲಿ ಕಳೆದ ಆ ಮಳೆಗಾಲ ಹೀಗೆ ಆಗಾಗ ಬಂದು ಗಂಟಲಲ್ಲಿ ಕೂರುತ್ತದೆ. ಇವತ್ತು ಅದನ್ನು ಬರೆದೇ ಬಿಡೋಣವೆಂದು ಕುಳಿತಿದ್ದೇನೆ.

ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಮುಗಿಸಿ, ಕೆಲಸಕ್ಕಾಗಿ ಅಲೆದಾಡಿ ಸಾಕಾಗಿ ಮನೆಯಲ್ಲಿ ಕುಳಿತಿದ್ದಾಗ ಸಿಕ್ಕ ಮೊದಲ ನೌಕರಿ ಅದು. ಅಫಜಲಪುರ ತಾಲೂಕಿನಲ್ಲಿ, ಘತ್ತರಗಿ ಕಡೆ ಹೋಗುವ ರಸ್ತೆಯಿಂದ ಒಳಗೆ, ಹೊಳೆಯ ದಂಡೆಯ ಮೇಲೊಂದು ನೀರು ಶುದ್ಧ ಮಾಡುವ ಘಟಕ. ಹೊಳೆಯಿಂದ ನೀರೆತ್ತಿ, ಕೆಸರು ಇಳಿಸಿ, ಉಸುಕಿನಲ್ಲಿ ಸೋಸಿ, ಸುತ್ತಲಿನ ಹಳ್ಳಿಗಳಿಗೆ ಕಳಿಸುವುದು ಅಲ್ಲಿನ ಕೆಲಸ. ಒಂದು ಗುತ್ತಿಗೆ ಕಂಪನಿ ಅದನ್ನು ನಡೆಸುತ್ತಿತ್ತು. ನೀರಿನಲ್ಲಿ ಕ್ಲೋರಿನ್ ಎಷ್ಟಿದೆ, ರಾಡಿ ಎಷ್ಟಿದೆ ಎಂದು ಪರೀಕ್ಷೆ ಮಾಡುವವಳು ನಾನು, ಶಿವಲೀಲಾ. ಗೊಬ್ಬೂರಿನಲ್ಲಿ ಅಪ್ಪನದು ಹಿಟ್ಟಿನ ಗಿರಣಿ. ಬೆಳಿಗ್ಗೆ ಅವ್ವ ಕಟ್ಟಿಕೊಟ್ಟ ರೊಟ್ಟಿಗಂಟು ಹಿಡಿದು ಬಸ್ಸು ಹತ್ತಿ, ಕ್ರಾಸಿನಲ್ಲಿ ಇಳಿದು, ತೊಗರಿ ಹೊಲದ ಬದುವಿನಲ್ಲಿ ನಡೆದರೆ ಮೊದಲು ಕೇಳುತ್ತಿದ್ದುದು ಮೋಟಾರುಗಳ ಗುಂಯ್‌ಗುಡುವಿಕೆ. ಕಟ್ಟಡ ಕಣ್ಣಿಗೆ ಬೀಳುತ್ತಿದ್ದುದು ಆಮೇಲೆ.

ಪಾಳಿಯವರೆಲ್ಲ ಸೇರಿದರೂ ಅಲ್ಲಿ ಆರೇಳು ಮಂದಿ. ಹಗಲಲ್ಲಿ ನಾವು ಮೂವರೇ. ಪಟಿಕದ ಗಟ್ಟಿ ಕರಗಿಸಿ ನೀರಿಗೆ ಬಿಡುವ ಖಾಜಾ ಚಾಚಾ, ವಯಸ್ಸಾದವರು, ಮಂಡಿನೋವಿನವರು. ಮೋಟಾರು ನೋಡಿಕೊಳ್ಳುವ ಚಂದ್ರಕಾಂತ. ಮತ್ತೆ ನಾನು.

ಚಂದ್ರಕಾಂತ ಜೇವರ್ಗಿ ಕಡೆಯವನು. ಹೆಂಡತಿಯೊಂದಿಗೆ ಘತ್ತರಗಿಯಲ್ಲಿ ಬಾಡಿಗೆ ಹಿಡಿದಿದ್ದ. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಂದೂ ದನಿ ಏರಿಸಿದವನಲ್ಲ. ನೀರು ಬಿಡಿಸಿಕೊಳ್ಳಲು ಬರುವ ಹಳ್ಳಿಯ ಹೆಣ್ಣುಮಕ್ಕಳೆಲ್ಲ ಅವನನ್ನು ಅಣ್ಣಾ ಅನ್ನುತ್ತಿದ್ದರು. ಮೊದಲ ದಿನ ನನಗೂ ಹೇಳಿದ್ದ: "ಏನ ಬೇಕಿದ್ರೂ ಕೇಳ್ರಿ ಮೇಡಂ. ನಿಮ್ಮ ಮನಿ ಅಂತ ತಿಳ್ಕೋರಿ."

ಆ ಕಟ್ಟಡ ವಿಚಿತ್ರವಾಗಿತ್ತು. ಸೋಸುವ ತೊಟ್ಟಿಗಳ ಕೆಳಗೆ ಉದ್ದಕ್ಕೂ ಒಂದು ನೆಲಮಾಳಿಗೆ. ಅದರ ತುಂಬ ಆನೆಯ ಸೊಂಡಿಲಿನಷ್ಟು ದಪ್ಪ ಪೈಪುಗಳು. ಮೇಲಿನ ನೆಲದಲ್ಲಿ ಅಲ್ಲಲ್ಲಿ ಕಬ್ಬಿಣದ ಜಾಲರಿ ಕೂರಿಸಿದ್ದರು. ನನ್ನ ಪರೀಕ್ಷೆಯ ಕೋಣೆಯ ಮೂಲೆಯಲ್ಲೂ ಅಂಥದೊಂದು ಜಾಲರಿ. ಅದರೊಳಗಿಂದ ಸದಾ ತಣ್ಣನೆಯ ಗಾಳಿ, ಒದ್ದೆ ಸಿಮೆಂಟಿನ ವಾಸನೆ, ನೀರು ಗುಟುಕರಿಸುವ ಸದ್ದು. ಯಾರೋ ಕೆಳಗೆ ಕುಳಿತು ಒಂದೇ ಸಮನೆ ನುಂಗುತ್ತಿದ್ದಾರೆ ಅನ್ನಿಸುತ್ತಿತ್ತು.

ಆ ವರ್ಷ ಆಷಾಢದಲ್ಲೇ ಮೇಲಿನ ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಡ್ಯಾಮಿನ ನೀರು ಬಿಟ್ಟರು. ಭೀಮೆ ಚಹಾದ ಬಣ್ಣಕ್ಕೆ ತಿರುಗಿ ದಂಡೆಯ ಜಾಲಿಗಿಡಗಳನ್ನು ಸೊಂಟದವರೆಗೆ ಮುಳುಗಿಸಿದಳು. ನಮ್ಮಲ್ಲಿ ಮಾತ್ರ ಮಳೆ ಸರಿಯಾಗಿ ಬೀಳಲೂ ಇಲ್ಲ, ಬಿಡಲೂ ಇಲ್ಲ. ದಿನವಿಡೀ ಬೂದಿ ಬಣ್ಣದ ಮೋಡ, ಜಿಟಿಜಿಟಿ ಹನಿ, ಮಧ್ಯಾಹ್ನಕ್ಕೇ ದೀಪ ಹಚ್ಚಬೇಕಾದ ಮಬ್ಬು. ಕೆಸರು ಹೆಚ್ಚಿದಷ್ಟೂ ನನಗೂ ಚಾಚಾನಿಗೂ ಕೆಲಸ ಹೆಚ್ಚು.

ಮೊದಲು ಆದದ್ದು ಎಷ್ಟು ಸಣ್ಣದೆಂದರೆ, ಹೇಳಿದರೆ ನಗುತ್ತೀರಿ. ಸಂಜೆ ಗಾಜಿನ ಬಟ್ಟಲುಗಳನ್ನು ತೊಳೆದು ಬೋರಲು ಹಾಕಿ ಬರುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಎಲ್ಲವೂ ನೆಟ್ಟಗೆ ನಿಂತಿದ್ದವು, ಒಂದೊಂದರಲ್ಲೂ ಅಂಚಿನವರೆಗೆ ತಿಳಿನೀರು. ಚಾಚಾ ಇಟ್ಟಿರಬೇಕೆಂದುಕೊಂಡೆ. ಕೇಳಿದರೆ ಅವರಿಗೆ ಗೊತ್ತಿಲ್ಲ. ಮರುದಿನವೂ ಹಾಗೇ. ಅದರ ಮರುದಿನ ಒಂದು ಬಟ್ಟಲಿನ ತಳದಲ್ಲಿ ನನ್ನ ಕೂದಲಿನ ಪಿನ್ನು. ಎರಡು ದಿನದ ಹಿಂದೆ ಅದು ಎಲ್ಲಿ ಬಿತ್ತೆಂದು ಮನೆಯಲ್ಲೆಲ್ಲ ಹುಡುಕಿದ್ದೆ.

ಆಮೇಲೆ ಮೊಬೈಲಿಗೆ ಸಂದೇಶಗಳು. ಬರುತ್ತಿದ್ದವು, ತೆರೆಯುವಷ್ಟರಲ್ಲಿ ಅಳಿಸಿಹೋಗುತ್ತಿದ್ದವು. ಚಂದ್ರಕಾಂತನ ಹೆಸರಿನ ಕೆಳಗೆ ಅಳಿಸಿದ ಗುರುತಷ್ಟೇ ಸಾಲುಸಾಲಾಗಿ ಉಳಿಯುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಕೂತು ಮೊಬೈಲು ಹಿಡಿದಾಗಲೇ ಒಂದು ಬಂತು. ಅಳಿಸುವ ಮೊದಲೇ ಅದರ ಫೋಟೊ ಹಿಡಿದುಕೊಂಡೆ. ಯಾಕೆ ಹಿಡಿದೆನೋ, ಕೈ ತಾನಾಗಿ ಮಾಡಿತು. ‘ರಾತ್ರಿಯೆಲ್ಲಾ ನಿಮ್ಮ ದನಿ ಮಗ್ಗಲದಾಗ ಇಟ್ಕೊಂಡು ಮಲಗಿದ್ದೆ’ ಎಂದಿತ್ತು. ಮೈ ಮೇಲೆ ಹಲ್ಲಿ ಬಿದ್ದಂತಾಯಿತು. ಅರ್ಥ ಮಾತ್ರ ಆಗಲಿಲ್ಲ.

ಮರುದಿನ ಮೋಟಾರು ಕೋಣೆಯ ಬಾಗಿಲಲ್ಲಿ ನಿಂತು ನೇರವಾಗಿ ಹೇಳಿದೆ: "ನನಗ ಇಂಥಾ ಮೆಸೇಜು ಕಳಿಸಬ್ಯಾಡ್ರಿ. ನನಗ ಸರಿ ಅನಸಂಗಿಲ್ಲ."

ಅವನು ಅರಿವೆಯಿಂದ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದ. "ಯಾವ ಮೆಸೇಜ್ರಿ ಮೇಡಂ? ತೋರಸ್ರಿ, ನೋಡೂಣು."

ಆ ಮುಖದಲ್ಲಿ ಸಣ್ಣ ಗೆರೆಯೂ ಅಲುಗಲಿಲ್ಲ. ಫೋಟೊ ತೆಗೆದು ತೋರಿಸುವ ಧೈರ್ಯ ನನಗಾಗಲಿಲ್ಲ. ನಾನೇ ಏನೋ ತಪ್ಪು ತಿಳಿದೆನೇನೋ ಎಂದು ವಾಪಸು ಬಂದೆ.

ದನಿ ಕೇಳಿಸತೊಡಗಿದ್ದು ಶ್ರಾವಣದಲ್ಲಿ. ಕೆಲಸ ಮಾಡುವಾಗ ಗುನುಗುವುದು ನನಗೆ ಚಿಕ್ಕಂದಿನ ಅಭ್ಯಾಸ. ಅವ್ವ ರೊಟ್ಟಿ ಬಡಿಯುತ್ತ ಹಾಡುತ್ತಿದ್ದ ಪದವೊಂದು ಬಾಯಿಗೆ ಬರುತ್ತಿತ್ತು, ಅರ್ಧಕ್ಕೆ ಬಿಡುತ್ತಿದ್ದೆ, ಮತ್ತೆ ಹಿಡಿಯುತ್ತಿದ್ದೆ. ಒಂದು ಮಧ್ಯಾಹ್ನ ಬಟ್ಟಲಿಗೆ ಔಷಧಿ ಹನಿ ಹಾಕಿ ನೀರು ಹಳದಿಗೆ ತಿರುಗುವುದನ್ನೇ ಕಾಯುತ್ತಿದ್ದೆ. ಬಾಯಿ ಮುಚ್ಚಿತ್ತು. ಪದ ಮಾತ್ರ ನಡೆದೇ ಇತ್ತು.

ಜಾಲರಿಯ ಕೆಳಗಿಂದ ಬರುತ್ತಿತ್ತು. ಮೋಟಾರಿನ ಸದ್ದಿನಲ್ಲಿ ಮುಳುಗಿ ಏಳುತ್ತ, ನೀರಿನೊಳಗಿಂದ ಹಾಡಿದ ಹಾಗೆ. ದನಿ ನನ್ನದು. ಸಾಲಿನ ಕೊನೆಯಲ್ಲಿ ನಾನು ಎಳೆಯುವ ಎಳೆತವೂ ಅದೇ. ಕೈಯಲ್ಲಿದ್ದ ಬಟ್ಟಲು ಜಾರಿ ಒಡೆಯಿತು. ಆ ಸದ್ದಿಗೆ ಕೆಳಗಿನ ದನಿ ತಟಕ್ಕನೆ ನಿಂತಿತು. ಕೆಳಗೆ ಇರುವುದು ಏನೇ ಆಗಿರಲಿ, ಅದು ನನ್ನನ್ನೂ ಕೇಳಿಸಿಕೊಳ್ಳುತ್ತಿದೆ ಎಂದು ನನಗೆ ಹೊಳೆದದ್ದು ಆಗ.

ಅವತ್ತಿನಿಂದ ಅದು ದಿನಬಿಟ್ಟು ದಿನ. ಕೆಲವೊಮ್ಮೆ ಹಾಡು, ಕೆಲವೊಮ್ಮೆ ಬರೀ ನಗು. ನನ್ನದೇ ನಗು. ನಾನು ಗುನುಗುವುದನ್ನು ಬಿಟ್ಟೆ. ಆಮೇಲೆ ಮಾತನ್ನೂ ಕಡಿಮೆ ಮಾಡಿದೆ. ಮನೆಯಲ್ಲಿ ಅವ್ವ ಕರೆದರೂ ತಲೆ ಅಲ್ಲಾಡಿಸುತ್ತಿದ್ದೆ. ಬಾಯಿ ತೆರೆದರೆ ಯಾರೋ ಹಿಡಿದುಕೊಂಡುಬಿಡುತ್ತಾರೆಂಬ ಅಂಜಿಕೆ.

ಕಡೆಗೊಂದು ದಿನ ಅವ್ವನ ಮುಂದೆ ಹೇಳಿದೆ. ಅವಳು ಹಿಟ್ಟಿನ ಕೈಯನ್ನು ಎದೆಗೆ ಇಟ್ಟುಕೊಂಡಳು. "ಹೊಳಿ ದಂಡಿ ಜಾಗ ಅದು ಯವ್ವಾ. ಗಾಳಿ ಸೋಕ್ಯಾದ."

ಮುಂದಿನ ಶುಕ್ರವಾರ ಘತ್ತರಗಿಗೆ ಕರೆದುಕೊಂಡು ಹೋಗಿ ಭಾಗ್ಯವಂತಿ ದೇವಿಗೆ ಉಡಿ ತುಂಬಿಸಿದಳು. ವಿಷಯ ತಿಳಿದು ಖಾಜಾ ಚಾಚಾ ದರ್ಗಾದಿಂದ ಒಂದು ತಾಯಿತ ತಂದುಕೊಟ್ಟರು. ಕೊಡುವಾಗ ಏನೋ ಹೇಳಲು ಬಾಯಿ ತೆರೆದು, ಸುಮ್ಮನಾದರು. ಎರಡನ್ನೂ ನಂಬಿದೆ, ತಾಯಿತ ಕಟ್ಟಿಕೊಂಡೆ. ಎರಡು ದಿನ ಎಲ್ಲ ಶಾಂತ. ಮೂರನೆಯ ದಿನ ಜಾಲರಿಯ ಕೆಳಗೆ ನಾನು ಮತ್ತೆ ನಕ್ಕೆ.

ಗುಟ್ಟು ಬಯಲಾದದ್ದು ಕರೆಂಟಿನಿಂದ. ಒಂದು ಮಧ್ಯಾಹ್ನ ಗಾಳಿಮಳೆಗೆ ಲೈನು ಹೋಯಿತು. ಮೋಟಾರುಗಳು ಒಂದೊಂದಾಗಿ ನಿಟ್ಟುಸಿರು ಬಿಟ್ಟು ನಿಂತವು. ಆ ಕಟ್ಟಡದಲ್ಲಿ ಅಂಥ ಮೌನವನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಚಾಚಾ ಆ ದಿನ ರಜೆಯಲ್ಲಿದ್ದರು. ಜಾಲರಿಯೊಳಗಿಂದ ಹಾಡು ಬರುತ್ತಿತ್ತು, ಎಂದಿಗಿಂತ ಸ್ಪಷ್ಟವಾಗಿ. ನಾನು ಗೋಡೆಗೆ ಒತ್ತಿ ನಿಂತಿದ್ದೆ. ಹಾಡು ಅರ್ಧಕ್ಕೆ ನಿಂತು ಒಂದು ಕೆಮ್ಮು ಬಂತು. ಆಮೇಲೆ ನನ್ನ ದನಿ ಹೇಳಿತು: "ಚಾಚಾ, ಚಾ ಕುದೀತೇನ್ರಿ?" ದೂರದಿಂದ ಚಾಚಾನ ದನಿ: "ಆತು ಬೇಟಾ, ತಂದೆ."

ಗುನುಗುವುದನ್ನು ಬಿಡುವ ಮೊದಲೊಂದು ದಿನ ಹಾಗೆ ಕೆಮ್ಮಿದ್ದು ನಾನೇ. ಚಹಾ ಕೇಳಿದ್ದೂ ನಾನೇ. ರಜೆಯಲ್ಲಿ ಮನೆಯಲ್ಲಿರುವ ಚಾಚಾ ನೆಲದಡಿಯಿಂದ ಓಗೊಡುವುದು ಹೇಗೆ? ಯಾವ ದೆವ್ವ ನನ್ನ ಚಹಾದ ಲೆಕ್ಕ ಇಡುತ್ತದೆ? ಅಂಜಿಕೆಯ ಜಾಗದಲ್ಲಿ ಒಮ್ಮೆಲೇ ಇನ್ನೇನೋ ಎದ್ದಿತು. ಮೊಬೈಲಿನ ಬೆಳಕು ಹಚ್ಚಿಕೊಂಡು ಕಬ್ಬಿಣದ ಮೆಟ್ಟಿಲಿಳಿದೆ.

ಕೆಳಗೆ ಕಣಕಾಲಿನವರೆಗೆ ನೀರು ನಿಂತಿತ್ತು. ಪೈಪುಗಳ ಮೈಯಿಂದ ಬೆವರು ಇಳಿಯುತ್ತಿತ್ತು. ನನ್ನ ಕೋಣೆಯ ಜಾಲರಿಯ ನೇರಕ್ಕೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಚಂದ್ರಕಾಂತ ಕಣ್ಣು ಮುಚ್ಚಿ ಕುಳಿತಿದ್ದ. ತೊಡೆಯ ಮೇಲೆ ಮೊಬೈಲು. ಅದರೊಳಗಿಂದ ನಾನು ಹಾಡುತ್ತಿದ್ದೆ. ಬೆಳಕು ಮುಖಕ್ಕೆ ಬಿದ್ದರೂ ಅವನು ಬೆಚ್ಚಲಿಲ್ಲ.

"ಬರ್ರಿ," ಅಂದ. "ಇಲ್ಲಿ ಕೂತ್ರ ಭಾಳ ಛಲೋ ಕೇಳಸ್ತದ."

"ಏನ್ ಮಾಡಾಕತ್ತೀರಿ?"

"ಕೇಳಾಕತ್ತೇನಿ. ಮೋಟಾರ ಬಂದ್ ಆದ್ರ ಇದು ಇನ್ನೂ ಚಂದ."

"ಅದು ನನ್ನ ದನಿ. ಅಳಸ್ರಿ ಅದನ್ನ."

ಅವನು ನಕ್ಕ. ಹಳ್ಳಿಯ ಹೆಣ್ಣುಮಕ್ಕಳ ಮುಂದೆ ನಗುವ ಅದೇ ಒಳ್ಳೆಯ ನಗು. "ನಿಮ್ಮದ ಅಂತನೇ ಇಟ್ಟೀನ್ರಿ. ಮನ್ಯಾಗ ದಿಂಬಿನ ಬಾಜೂಕ ಇಟ್ಕೊಂತೇನಿ. ನೀವ ಬಂದು ಮಗ್ಗಲದಾಗ ಮಲಗಿದಂಗ ಆಗ್ತದ."

"ನಾ ಎಲ್ಲರಿಗೂ ಹೇಳ್ತೇನಿ."

"ಏನಂತ ಹೇಳ್ತೀರಿ?" ದನಿ ಇನ್ನೂ ಮೆತ್ತಗಾಯಿತು. "ನಾ ನಿಮಗ ಮುಟ್ಟೀನೇನು? ಕೈ ಹಿಡದೀನೇನು? ಹಾಡ ಕೇಳ್ದಾ ಅಂತ ಹೇಳ್ತೀರೇನು?"

ನಾನು ಮೆಟ್ಟಿಲೇರುವಾಗ ಅವನು ಹಾಡನ್ನು ಮೊದಲಿನಿಂದ ಹಚ್ಚಿದ. ಕ್ರಾಸಿನವರೆಗೆ ಮಳೆಯಲ್ಲಿ ಓಡಿದೆ.

ಮನೆಯಲ್ಲಿ ಹೇಳಿದಾಗ ಅಪ್ಪ, "ನಾಳಿಂದ ಹೋಗಬ್ಯಾಡ" ಎಂದಷ್ಟೇ ಹೇಳಿ ಗಿರಣಿಗೆ ಎದ್ದು ಹೋದರು. ಅವ್ವ ಒಲೆಯ ಮುಂದೆ ಕುಳಿತಿದ್ದಳು. "ದೆವ್ವ ಇದ್ದಿದ್ರ ಛಲೋ ಇತ್ತಲ್ಲೇ ಬೇ," ಅಂದಳು. "ಒಂದ ತೆಂಗಿನಕಾಯಿ ಒಡದು ಬರ್ತಿದ್ದಿವಿ."

ಮರುದಿನ ಅಫಜಲಪುರಕ್ಕೆ ಹೋಗಿ ಕಂಪನಿಯ ಮ್ಯಾನೇಜರನನ್ನು ಕಂಡೆ. ಅವರು ಕೇಳಿದ ಮೊದಲ ಪ್ರಶ್ನೆಯೂ ಅದೇ. "ಮುಟ್ಟ್ಯಾನೇನಮ್ಮ?"

"ಇಲ್ರಿ."

"ಮತ್ತ? ಹಾಡ ರೆಕಾರ್ಡ್ ಮಾಡ್ಕೊಂಡಾನ, ಅಷ್ಟೇ ಅಲ್ಲ? ಆತಗ ನಾ ಹೇಳ್ತೇನಿ ಬಿಡ್ರಿ. ನೀವು ಸ್ವಲ್ಪ ದಿನಾ ಮನ್ಯಾಗ ಆರಾಮ ಇರ್ರಿ."

"ಇಂಥದ್ದಕ್ಕ ಒಂದು ಸಮಿತಿ ಇರಬೇಕಲ್ರಿ?"

"ಅದೆಲ್ಲ ದೊಡ್ಡ ಆಫೀಸಿನ್ಯಾಗಮ್ಮ. ನಿಮ್ಮ ಘಟಕದಾಗ ಇರೋದು ಆರೇಳು ಮಂದಿ."

ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತೆವು. ನನ್ನ ಜೊತೆ ಅವ್ವ ಬಂದಿದ್ದಳು. ಅವಳು ಒಮ್ಮೆಲೇ ನನ್ನ ಕೈ ಹಿಡಿದೆಳೆದು, "ಕೋರ್ಟಿನ್ಯಾಗ ಹೆಣ್ಣುಮಕ್ಕಳಿಗೆ ಪುಕಟ ವಕೀಲರನ್ನ ಕೊಡ್ತಾರ ಅಂತ ನಮ್ಮ ಮಹಿಳಾ ಸಂಘದಾಗ ಹೇಳ್ಯಾರ. ನಡಿ," ಅಂದಳು. ನಾನು ಓದಿದವಳು. ನನಗೆ ಆ ದಾರಿ ನೆನಪಾಗಿರಲಿಲ್ಲ.

ಕಾನೂನು ಸೇವಾ ಸಮಿತಿಯ ಕೋಣೆಯಲ್ಲಿ ಅವತ್ತು ಕುಳಿತಿದ್ದವರು ಫರ್ಜಾನಾ ಎಂಬ ವಕೀಲರು. ಕಪ್ಪು ಕೋಟಿನ ಮೇಲೆ ತಲೆಗೆ ಬಿಳಿ ಓಢಣಿ. ಫೀಸೆಷ್ಟೆಂದು ಅವ್ವ ಕೇಳಿದರೆ, "ಹೆಣ್ಣುಮಕ್ಕಳಿಗೆ ಇಲ್ಲಿ ಫೀಸಿಲ್ಲಮ್ಮಾ, ಕೂಡ್ರಿ," ಅಂದರು. ನಾನು ಹೇಳುತ್ತ ಹೋದೆ. ಮುಟ್ಟಿಲ್ಲ ಎಂಬಲ್ಲಿಗೆ ಬಂದಾಗ ತಲೆ ತಗ್ಗಿಸಿದೆ.

"ತಲಿ ಯಾಕ ತಗ್ಗಸ್ತೀ ತಂಗಿ?" ಅಂದರು. "ಮುಟ್ಟಿದ್ರ ಮಾತ್ರ ತಪ್ಪು ಅಂತ ಕಾನೂನು ಎಲ್ಲೂ ಹೇಳಿಲ್ಲ. ಮಾತಿಲೆ, ಸನ್ನಿಲೆ, ಮೆಸೇಜಿಲೆ, ನಿನಗ ಬ್ಯಾಡಾದ ಅಂಥಾ ನಡತಿ ಕೆಲಸದ ಜಾಗಾದಾಗ ನಡದ್ರ ಅದು ಲೈಂಗಿಕ ಕಿರುಕುಳನ. ಮಗ್ಗಲದಾಗ ಮಲಗಿದಂಗ ಅಂತ ಅಂದಾನಲ್ಲ, ಅದು ಹಾಡಿನ ಮಾತೇನು?"

"ಕಂಪನಿಯಾಗ ಸಮಿತಿ ಇಲ್ಲ ಅಂತಾರ್ರಿ."

"ಹತ್ತು ಮಂದಿ ಇದ್ದಲ್ಲಿ ಮಾಲೀಕ ಸಮಿತಿ ಮಾಡಲೇಬೇಕು. ಹತ್ತಕ್ಕಿಂತ ಕಡಿಮಿ ಇದ್ದ್ರ ಬಾಗಿಲ ಮುಚ್ಚಂಗಿಲ್ಲ. ಅಂಥವರ ಸಲುವಾಗಿನೇ ಜಿಲ್ಲಾದಾಗ ಸ್ಥಳೀಯ ಸಮಿತಿ ಅದ. ಮಹಿಳಾ ಮತ್ತು ಮಕ್ಕಳ ಇಲಾಖೆಯ ಕಚೇರಿ ಇಲ್ಲೇ ಅದ, ಅಲ್ಲಿ ಅರ್ಜಿ ಕೊಟ್ರ ಕಲಬುರಗಿಗೆ ಕಳಸ್ತಾರ. ಆದ್ರ ಕಡೀ ಘಟನಾ ಆದ ಮೂರು ತಿಂಗಳ ಒಳಗ ಕೊಡಬೇಕು. ಖರೇ ಕಾರಣ ಇದ್ದ್ರ ಇನ್ನಷ್ಟು ಮುಂದ ಹಾಕ್ತಾರ, ಆದ್ರ ನೀ ಕಾಯಬ್ಯಾಡ."

"ಪೊಲೀಸರು?" ಅವ್ವ ಕೇಳಿದಳು.

"ಅದು ಇನ್ನೊಂದ ದಾರಿ. ಎರಡೂ ಸೇರಿ ಹೋಗಬಹುದು. ಬ್ಯಾಡ ಅಂದ ಮ್ಯಾಲೂ ಮತ್ತ ಮತ್ತ ಬೆನ್ನ ಹತ್ತೋದು ಹೊಸಾ ನ್ಯಾಯ ಸಂಹಿತೆಯಾಗ ಅಪರಾಧ. ಆದ್ರ ಸುಳ್ಳ ಯಾಕ ಹೇಳ್ಲಿ, ಆತಗ ಜಾಮೀನು ಸಿಗತದ. ಕೇಸು ವರ್ಷಗಟ್ಟಲೆ ಎಳೀತದ. ಸಮಿತಿದು ಬೇಗ ಮುಗೀತದ." ನನ್ನ ಕಡೆ ತಿರುಗಿದರು. "ಒಂದ ಮಾತು. ಸಮಿತಿ ಮುಂದ ವಕೀಲರಿಗೆ ಜಾಗ ಇಲ್ಲ. ಅಲ್ಲಿ ನಾ ಬರಂಗಿಲ್ಲ. ನೀನ ಮಾತಾಡಬೇಕು."

ನನ್ನ ದನಿಯನ್ನೇ ಕಂಡು ಓಡುತ್ತಿದ್ದ ನನಗೆ ಆ ಮಾತು ಎದೆಗೆ ಕಲ್ಲಿಟ್ಟಂತಾಯಿತು.

ಅರ್ಜಿಯನ್ನು ಅವರು ನನ್ನ ಕೈಯಲ್ಲೇ ಬರೆಸಿದರು. ‘ಅಂಜಿಕೆ ಆಯಿತು’ ಎಂದು ಬರೆದಲ್ಲಿ ಬೆರಳಿಟ್ಟು, "ಯಾತಕ್ಕ ಅಂತನೂ ಬರಿ," ಅಂದರು. ಬರೆದೆ. ಬಸ್ಸಿನಲ್ಲಿ ಹಿಡಿದ ಆ ಸಂದೇಶದ ಫೋಟೊ ಲಗತ್ತಿಸಿದೆವು. ಅದೇ ದಿನ ಠಾಣೆಗೂ ಹೋಗಿ ದೂರು ಕೊಟ್ಟೆವು.

ನಾನು ಕೆಲಸ ಬಿಡಲಿಲ್ಲ. ವಿಚಾರಣೆ ಮುಗಿಯುವವರೆಗೆ ಅವನನ್ನು ಬೇರೆ ಘಟಕಕ್ಕೆ ಹಾಕಿರೆಂದು ಸಮಿತಿ ಕಂಪನಿಗೆ ಬರೆಯಿತು. ಮ್ಯಾನೇಜರ್ ಗೊಣಗುತ್ತ ಹಾಕಿದರು. ರಜೆಯನ್ನೂ ಕೇಳಬಹುದಿತ್ತು. ಆದರೆ ಮನೆಯಲ್ಲಿ ಕೂತರೆ ಆ ನೆಲಮಾಳಿಗೆ ನನ್ನ ತಲೆಯೊಳಗೇ ಕಟ್ಟಿಕೊಳ್ಳುತ್ತದೆ ಅನ್ನಿಸಿತು.

ಅವನು ಹೋದ ಮೇಲೂ ದನಿ ಹೋಗಲಿಲ್ಲ. ಜಾಲರಿಯ ಮೇಲೆ ಗೋಣಿಚೀಲ ಹಾಸಿ ಕಲ್ಲಿಟ್ಟಿದ್ದೆ. ಆದರೂ ಮಧ್ಯಾಹ್ನದ ಮಬ್ಬಿನಲ್ಲಿ ಕೆಳಗೆ ಯಾರೋ ಒಂದು ಸಾಲು ಎಳೆದಂತಾಗುತ್ತಿತ್ತು. ಅದು ನನ್ನ ಕಿವಿಯ ಆಟವೆಂದು ಗೊತ್ತಿತ್ತು. ಗೊತ್ತಿದ್ದೂ ಮೈ ಜುಮ್ಮೆನ್ನುತ್ತಿತ್ತು. ಕೇಳುತ್ತಿರುವುದು ಇದೆಯೋ ಇಲ್ಲವೋ ಎಂದು ಚಾಚಾನನ್ನು ಕರೆದು ನಿಲ್ಲಿಸಿ ಕೇಳುತ್ತಿದ್ದೆ. "ಕುಛ್ ನಹೀಂ ಬೇಟಾ. ಬರೀ ನೀರು," ಅನ್ನುತ್ತಿದ್ದರು.

ಹಾಗೆ ನಿಂತಿದ್ದ ಒಂದು ದಿನ ಅವರೇ ಬಾಯಿ ಬಿಟ್ಟರು. ಗೋಣಿಚೀಲ ಸರಿಸಿ ಜಾಲರಿಯ ಅಡಿಗೆ ಕೈ ಹಾಕಿ, ಒಂದು ತಂತಿಯ ಕುಣಿಕೆ ತೋರಿಸಿದರು. ಅದಕ್ಕೆ ಚಾರ್ಜರಿನ ವೈರು ಸಿಕ್ಕಿಸಿತ್ತು.

"ಇಲ್ಲಿ ಆತ ಒಂದ ಹಳೇ ಮೊಬೈಲ್ ತೂಗಹಾಕ್ತಿದ್ದ. ನಾ ಎರಡ ಸಲ ನೋಡೀನಿ."

"ನನಗ ಯಾಕ ಹೇಳ್ಲಿಲ್ರಿ ಚಾಚಾ?"

ಅವರು ನೆಲ ನೋಡಿದರು. "ನಿಮ್ಮಿಬ್ಬರದು ಏನೋ ಅದ ಅಂತ ತಿಳ್ಕೊಂಡಿದ್ದೆ ಬೇಟಾ. ಆತ ಹಂಗೇ ಹೇಳಿದ್ದ."

ನನಗೆ ಅಳು ಬಂತು. ಸಿಟ್ಟೂ ಬಂತು. ಅವನು ನನ್ನ ದನಿ ಹಿಡಿದದ್ದಷ್ಟೇ ಅಲ್ಲ, ನಾನು ಆಡದ ಮಾತನ್ನೂ ನನ್ನ ಹೆಸರಲ್ಲಿ ಆಡಿ ಮುಗಿಸಿದ್ದ. ಸಮಿತಿಯ ಮುಂದೆ ಬಂದು ಹೇಳುತ್ತೀರಾ ಎಂದು ಕೇಳಿದೆ. ಚಾಚಾ ಪಟಿಕದ ತೊಟ್ಟಿಯ ಕಡೆ ನಡೆದರು. ಮನೆಯಲ್ಲಿ ಮದುವೆಗೆ ಬಂದ ಮಗಳು, ಅವರ ಒಂದು ನೌಕರಿ. ಒತ್ತಾಯ ಮಾಡಲು ಬಾಯಿ ಬರಲಿಲ್ಲ.

ವಿಚಾರಣೆಗೆ ಕೆಲವೇ ದಿನ ಇರುವಾಗ, ಹನಿ ಬೀಳುತ್ತಿದ್ದ ಮಧ್ಯಾಹ್ನ, ಗೊಬ್ಬೂರಿನ ನಮ್ಮ ಮನೆಯ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ತಲೆಯ ಮೇಲೆ ಸೆರಗು, ಕಾಲಿಗೆ ಮೊಣಕಾಲಿನವರೆಗೆ ಎರೆಮಣ್ಣು. "ಚಂದ್ರಕಾಂತ ಅವರ ಮನಿಯಾಕಿ," ಅಂದಳು. ಅವ್ವ ನೀರಿನ ಚೊಂಬು ಕೊಟ್ಟಳು. ಅವಳು ಕುಡಿಯದೆ ಅದನ್ನೇ ಹಿಡಿದು ಕುಳಿತಳು.

"ಅರ್ಜಿ ವಾಪಸ್ ತಗೋರಿ ಅಂತ ಕೇಳಾಕ ಕಳಿಸ್ಯಾರ್ರಿ." ಪಾಠ ಒಪ್ಪಿಸುವಂತೆ ಹೇಳಿದಳು. ಆಮೇಲೆ ಬಹಳ ಹೊತ್ತು ನನ್ನ ಬಾಯಿಯ ಕಡೆಯೇ ನೋಡುತ್ತಿದ್ದಳು. ನಾನೇನೋ ಮಾತಾಡಿದೆ. ಏನೆಂದು ನೆನಪಿಲ್ಲ.

"ಈ ದನಿನ ಅದು," ಅಂದಳು. "ನಮ್ಮ ಮನ್ಯಾಗ ಕೇಳಸ್ತದ್ರಿ ಅಕ್ಕ. ಒಲಿ ಮುಂದ ಕೂತಾಗ ಒಳಗಿನ ಖೋಲ್ಯಾಗ ಒಬ್ಬಾಕಿ ನಗತಾಳ. ಹೋಗಿ ನೋಡಿದ್ರ ಯಾರೂ ಇರಂಗಿಲ್ಲ, ಇವ್ರು ಒಬ್ಬರ ಮಲಗಿರ್ತಾರ. ಈ ಮನ್ಯಾಗ ಸತ್ತಾಕಿ ಯಾರೋ ಅದಾಳ ಅಂತ ನಾ ಅಂದ್ಕೊಂಡಿದ್ದೆ. ದಿನಾ ಸಂಜಿಕ ಆಕಿ ಹೆಸರಲೆ ದೀಪ ಹಚ್ಚಾಕತ್ತಿದ್ದೆ."

ನಾನು ಬದುಕಿರುವಾಗಲೇ ಯಾವುದೋ ಊರಿನ ಬಾಡಿಗೆ ಮನೆಯಲ್ಲಿ ಸತ್ತವಳಾಗಿ ತಿರುಗುತ್ತಿದ್ದೆ. ನನಗೊಬ್ಬಳು ದೀಪ ಹಚ್ಚುತ್ತಿದ್ದಳು.

"ನೀವು ಬಂದು ಇದನ್ನ ಹೇಳ್ತೀರೇನು?" ಎಂದು ಕೇಳಿದೆ.

"ನನಗ ಹೇಳಾಕ ಆಗಂಗಿಲ್ಲ ಅಕ್ಕ." ಎದ್ದು ಸೆರಗು ಸರಿಮಾಡಿಕೊಂಡಳು. "ನೀವು ವಾಪಸ್ ತಗೋಬ್ಯಾಡ್ರಿ." ಚೊಂಬನ್ನು ಕಟ್ಟೆಯ ಮೇಲಿಟ್ಟು ಮಳೆಯಲ್ಲೇ ಹೊರಟುಹೋದಳು.

ವಿಚಾರಣೆ ಕಲಬುರಗಿಯಲ್ಲಿ ನಡೆಯಿತು. ಉದ್ದನೆಯ ಮೇಜಿನ ಆಚೆ ಸಮಿತಿಯವರು, ಹೆಚ್ಚಿನವರು ಹೆಂಗಸರು. ಎದುರುಬದುರು ಕೂರಿಸಬೇಡಿರೆಂದು ಮೊದಲೇ ಬರೆದುಕೊಟ್ಟಿದ್ದರಿಂದ ನಡುವೆ ಒಂದು ಮರದ ಪರದೆ ಇಟ್ಟಿದ್ದರು. ಅವನು ಕಾಣುತ್ತಿರಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. "ತಂಗಿ ಸಮಾನ್ರಿ ಆಕಿ ನನಗ," ಎಂಬ ಮೆತ್ತನೆಯ ದನಿ ಪರದೆಯ ಹಿಂದಿನಿಂದ ತೇಲಿ ಬಂತು.

ನನ್ನ ಸರದಿ ಬಂದಾಗ ತುಟಿ ಅಲ್ಲಾಡಿತು, ಶಬ್ದ ಬರಲಿಲ್ಲ. ಪರದೆಯ ಆಚೆ ಅವನು ಕೇಳಿಸಿಕೊಳ್ಳುತ್ತಿದ್ದಾನೆ. ನಾನು ಮಾತಾಡಿದರೆ ಅದೂ ಅವನ ಪಾಲಾಗುತ್ತದೆ ಅನ್ನಿಸಿತು. ಅಧ್ಯಕ್ಷೆ, ನರೆತ ಕೂದಲಿನ ಹಿರಿಯರು, ನೀರಿನ ಲೋಟ ಮುಂದೆ ಸರಿಸಿದರು. "ಅವಸರ ಇಲ್ಲಮ್ಮಾ. ಸಂಜಿತನಕ ಕೂಡ್ತೇವಿ."

ನೀರು ಕುಡಿದೆ. ಬಟ್ಟಲುಗಳಿಂದ ಶುರು ಮಾಡಿದೆ. ಪಿನ್ನು, ಅಳಿಸಿದ ಸಂದೇಶಗಳು, ಅಳಿಸದೆ ಉಳಿದ ಒಂದು, ಜಾಲರಿ, ನೆಲಮಾಳಿಗೆ, ಅವನ ಮಾತು. ನಡುಗುತ್ತಲೇ ಹೇಳಿದೆ. ಹೇಳುತ್ತ ಹೇಳುತ್ತ ದನಿ ಗಟ್ಟಿಯಾಯಿತು. ಬೇಡವೆಂದು ಹೇಳಿದ್ದೆಯಾ ಎಂದು ಒಬ್ಬರು ಕೇಳಿದರು. "ಮೋಟಾರ ಖೋಲಿ ಬಾಗಲದಾಗ ನಿಂತು ಹೇಳೇನ್ರಿ," ಎಂದೆ. ಅದು ಕೋಣೆಯ ಕೊನೆಯವರೆಗೆ ಕೇಳಿಸಿತು.

ಸಾಕ್ಷಿ ಹೇಳುವವರು ಇನ್ನಾರಾದರೂ ಇದ್ದಾರಾ ಎಂದು ಅಧ್ಯಕ್ಷೆ ಕೇಳುತ್ತಿದ್ದಾಗ ಬಾಗಿಲು ಕಿರ್ರೆಂದಿತು. ಒಗೆದು ಬಿಳುಪು ಮಾಡಿದ ಪೈಜಾಮ ತೊಟ್ಟು ಖಾಜಾ ಚಾಚಾ ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಆ ತಂತಿ ಮತ್ತು ವೈರು. ಮೆಟ್ಟಿಲೇರಿ ಬಂದ ದಣಿವಿಗೆ ಏದುಸಿರು ಬಿಡುತ್ತಿದ್ದರು. ಹೇಳಬೇಕಾದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದರು. ಪರದೆಯ ಆಚೆಯ ಉಸಿರು ಸ್ವಲ್ಪ ಹೊತ್ತು ನಿಂತೇಹೋಯಿತು.

ಕಿರುಕುಳ ಸಾಬೀತಾಗಿದೆ, ಅವನನ್ನು ಕೆಲಸದಿಂದ ತೆಗೆಯಬೇಕೆಂದು ಸಮಿತಿ ವರದಿ ಕೊಟ್ಟಾಗ ಮಳೆಗಾಲ ಮುಗಿದು ತೊಗರಿ ಹಳದಿ ಹೂ ಬಿಟ್ಟಿತ್ತು. ಮ್ಯಾನೇಜರ್ ಅದನ್ನೂ ಎಳೆದಾಡಿದರು. ಜಿಲ್ಲಾ ಕಚೇರಿಯಿಂದ ಇನ್ನೊಂದು ನೋಟಿಸು ಹೋದ ಮೇಲೆ ತೆಗೆದರು. ಪೊಲೀಸರು ಅವನ ಮೊಬೈಲು ಹಿಡಿಯುವಷ್ಟರಲ್ಲಿ ಅದರಲ್ಲಿ ಏನೂ ಉಳಿದಿರಲಿಲ್ಲ. ಆ ಕೇಸು ಇನ್ನೂ ನಡೆದಿದೆ. ಫರ್ಜಾನಾ ಮೇಡಂ ಹೇಳಿದಂತೆಯೇ ಅವನಿಗೆ ಜಾಮೀನು ಸಿಕ್ಕಿತು. ಹಳೆಯ ಮೊಬೈಲು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಚಾಚಾನ ನೌಕರಿ ಉಳಿಯಿತು. ಅವರನ್ನು ತೆಗೆದರೆ ಅದೂ ದೂರಿಗೆ ಸೇರುತ್ತದೆಂದು ಮೇಡಂ ಮ್ಯಾನೇಜರನಿಗೆ ಒಂದು ಮಾತು ಹೇಳಿಟ್ಟಿದ್ದರು.

ತೊಗರಿ ರಾಶಿ ಮುಗಿದ ಮೇಲೆ ಒಂದು ದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಎತ್ತಬೇಕೋ ಬೇಡವೋ ಎನ್ನುತ್ತಲೇ ಎತ್ತಿದೆ. "ಅಕ್ಕ, ನಾ ಜೇವರ್ಗಿಂದ ಮಾತಾಡಾಕತ್ತೇನಿ," ಅಂದಳು. ಅವನ ಹೆಂಡತಿ.

ಕೆಲಸ ಹೋದ ಮೇಲೆ ಅವನು ದಿನವಿಡೀ ಮನೆಯಲ್ಲೇ ಕುಳಿತಿರುತ್ತಿದ್ದನಂತೆ. ಹೊಡೆಯಲಿಲ್ಲ, ಬಯ್ಯಲಿಲ್ಲ. "ಈಗ ನನ್ನ ದನಿ ಹಿಡದಾನ್ರಿ ಅಕ್ಕ. ನಾ ಅತ್ತಿದ್ದನ್ನ ಹಿಡದು, ಊಟಕ್ಕ ಕೂತಾಗ ನನ್ನ ಮುಂದನ ಹಚ್ತಾನ. ಅದನ್ನ ಕೇಳ್ಕೋತ ಉಣತಾನ. ಅದಕ್ಕ ಇಲ್ಲಿ ತವರಮನಿಗೆ ಬಂದೇನಿ." ಆಮೇಲೆ ಕೇಳಿದಳು: "ಮನಿಯೊಳಗ ಮಾಡಿದ್ರೂ ಕಾನೂನು ಬರ್ತದೇನ್ರಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರ ಹತ್ತಿರ ಕರೆದುಕೊಂಡು ಹೋಗುವುದು ಗೊತ್ತಿತ್ತು. ಫರ್ಜಾನಾ ಮೇಡಂ ಆ ವಾರ ಜೇವರ್ಗಿ ಕೋರ್ಟಿಗೆ ಬರುವವರಿದ್ದರು. ಅವ್ವನೂ ನಾನೂ ಬಸ್ಸಿಗೆ ಹೋದೆವು. ಕೋರ್ಟಿನ ಬೇವಿನ ಗಿಡದ ಕೆಳಗೆ ಅವಳು ಮೊದಲೇ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡು ಮೇಡಂ ಹೇಳಿದರು: "ಬರ್ತದ. ಹೊಡದಿಲ್ಲ ಅಂತ ಅಂಜಬ್ಯಾಡ. ಮನಸಿಗೆ ಕೊಡೋ ಹಿಂಸಾನೂ ಮನಿಯೊಳಗಿನ ಹಿಂಸಾನ. ಅದಕ್ಕ ರಕ್ಷಣಾಧಿಕಾರಿ ಅಂತ ಇರ್ತಾರ, ಅವರ ಕಡೆ ಹೋಗೂಣು. ಆತ ಹತ್ರ ಬರದಂಗ ಕೋರ್ಟಿನಿಂದ ಆದೇಶ ತರೂಣು." ಪೆನ್ನು ತೆಗೆದು ಹಾಳೆ ಬಿಡಿಸಿದರು. "ಮೊದಲ ನಿನ್ನ ಹೆಸರ ಹೇಳು."

ಆಗ ನನಗೆ ಹೊಳೆಯಿತು. ನನ್ನ ದನಿಗೆ ದೀಪ ಹಚ್ಚಿದವಳು, ಎರೆಮಣ್ಣಿನ ಕಾಲಲ್ಲಿ ನಮ್ಮ ಮನೆಗೆ ನಡೆದು ಬಂದವಳು, ಅವಳ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಅವಳು ಅವ್ವನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಬಾಯಿಗೆ ಅಡ್ಡ ಹಿಡಿದಿದ್ದ ಸೆರಗನ್ನು ಕೆಳಗಿಳಿಸಿದಳು.

"ಮಹಾದೇವಿ," ಅಂದಳು. ಮೇಡಂ ಬರೆಯುವ ಮೊದಲೇ, ಅವರಿಗೆ ಕೇಳಿಸಿತೋ ಇಲ್ಲವೋ ಎಂದು, ಇನ್ನೊಮ್ಮೆ ಜೋರಾಗಿ ಹೇಳಿದಳು.